ಗಿರಾಕಿಯ ವಿಳಾಸ

‘ಜಾಹೀರಾತು’ ಎಂಬ ಮಾತು ಮೂಲತಃ ಕನ್ನಡದ್ದಲ್ಲ. ಕಣ್ಣಿಗೆ ಕಾಣುವಂತೆ ಹೊರಬಿದ್ದದ್ದು ಎಂಬ ಅರ್ಥದ ಅರಬ್ಬಿಯ ‘ಜಾಹಿರ್’ ಶಬ್ದವು ಪಾರಸಿಯ ಕೈಹಿಡಿದು ಈ ನೆಲಕ್ಕೆ ಬಂದು, ಮರಾಠಿಯಲ್ಲಿ ‘ಜಾಹಿರಾತ’ ಎನಿಸಿ, ಅಲ್ಲಿಂದ ನಮ್ಮ ಪತ್ರಿಕೆಗಳ ಕೊನೆಯ ಪುಟಗಳಿಗೆ ಇಳಿಯಿತು. ಶಬ್ದ ಹೊರಗಿನದಾದರೂ ಕೆಲಸ ನಮಗೆ ಹೊಸದಲ್ಲ. ಸರಕುಳ್ಳವನು ಬೇಕಾದವನಿಗೆ ‘ನನ್ನಲ್ಲಿದೆ, ಬಾ’ ಎಂದು ತಿಳಿಸುವ ವಿದ್ಯೆಗೆ ಕನ್ನಡ ನಾಡಿನಲ್ಲಿ ಸುಮಾರು ಸಾವಿರ ವರ್ಷಗಳ ಲಿಖಿತ ಸಾಕ್ಷ್ಯವುಂಟು. ಆದರೆ ಹಳೆಯ ಸಾಕ್ಷ್ಯವೆಲ್ಲ ಬಹುಮಟ್ಟಿಗೆ ದೊಡ್ಡ ವ್ಯಾಪಾರಿಗಳದು. ಹಿಡಿಯಷ್ಟು ಬಂಡವಾಳದ ಸಣ್ಣ ವ್ಯಾಪಾರಿ ತನ್ನ ದನಿಯನ್ನು ಹೇಗೆ ಕಂಡುಕೊಂಡನೆಂಬುದನ್ನು ಇಲ್ಲಿ ನೋಡಬೇಕೆಂದಿದ್ದೇನೆ. ಇಂದು ಭೀಮರಾಯನಗುಡಿಯಂಥ ಊರಿನ ಅಂಗಡಿಕಾರನೂ ಮೊಬೈಲನ್ನು ಕೈಯಲ್ಲಿ ಹಿಡಿದು ‘ಜಾಲತಾಣದಲ್ಲಿ ಏನು ಬರೆಯಲಿ?’ ಎಂದು ಯೋಚಿಸುತ್ತಿರುವುದರಿಂದ ಈ ಹಳೆಯ ಕಥೆಗೆ ಈಗ ಕೊಂಚ ಬೆಲೆ ಬಂದಿದೆ.

ದೊಡ್ಡವರ ಮಾತನ್ನು ಮೊದಲು ಮುಗಿಸಿಬಿಡೋಣ. ಐಹೊಳೆಯ ಹೆಸರಿನಲ್ಲಿ ದಕ್ಷಿಣಾಪಥದಾದ್ಯಂತ ವ್ಯವಹರಿಸುತ್ತಿದ್ದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದವರು ತಮ್ಮ ಶಾಸನಗಳಲ್ಲಿ ತಮ್ಮನ್ನು ತಾವು ಹೊಗಳಿಕೊಂಡಿರುವ ಬಗೆ ಅರಸರನ್ನೂ ನಾಚಿಸುವಂಥದು. ಶಿಕಾರಿಪುರದ ಕಡೆಯ 11ನೆಯ ಶತಮಾನದ ಶಾಸನವೊಂದರಲ್ಲಿ ಅವರು ತಿರುಗಿದ ದೇಶಗಳ ಪಟ್ಟಿಯಿದೆ. ಚೇರ, ಚೋಳ, ಪಾಂಡ್ಯಗಳಿಂದ ಹಿಡಿದು ಮಗಧ, ಕೋಸಲ, ಸೌರಾಷ್ಟ್ರ, ನೇಪಾಳದವರೆಗೆ ಅದು ಬೆಳೆಯುತ್ತದೆ. ಆನೆ, ಕುದುರೆ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ ಎಂದು ಸರಕಿನ ಪಟ್ಟಿಯೂ ಇದೆ. ನಾವು ಇಂಥವನ್ನು ತರಗತಿಯಲ್ಲಿ ಗದ್ಯದ ಓಟಕ್ಕಾಗಿ ಪಾಠ ಹೇಳುತ್ತೇವೆ. ಆದರೆ ಈ ಬರೆಹದ ಉದ್ದೇಶ ಏಲಕ್ಕಿ ಮಾರುವುದಾಗಿರಲಾರದು. ಅದರ ಮುಖ ಅರಸನ ಕಡೆಗೆ, ಸುಂಕದವನ ಕಡೆಗೆ, ದಾರಿಯಲ್ಲಿ ಅಡ್ಡಗಟ್ಟುವವನ ಕಡೆಗೆ ಇದೆ. ಕೊಳ್ಳುವವನ ಕಡೆಗೆ ಇಲ್ಲ.

ಅದೇ ಕಾಲದ ಆಸುಪಾಸಿನಲ್ಲಿ ನಮ್ಮ ಈ ಸೀಮೆಯಲ್ಲಿಯೇ, ಕೆಂಭಾವಿಗೆ ಸಮೀಪದ ಮುದನೂರಿನಲ್ಲಿ, ಒಬ್ಬ ಸಣ್ಣ ಉದ್ಯೋಗಿಯಿದ್ದ. ಅವನೇ ಆದ್ಯ ವಚನಕಾರರಲ್ಲಿ ಒಬ್ಬನಾದ ದೇವರ ದಾಸಿಮಯ್ಯ. ವೃತ್ತಿಯಿಂದ ನೇಕಾರ. ತಾನು ನೇಯ್ದ ಬಟ್ಟೆಗಾಗಿ ಅವನು ಕಲ್ಲು ಕೊರೆಯಿಸಿದ್ದು ಕಾಣೆ. ಅವನ ಮಾತು ಮಾತ್ರ ‘ರಾಮನಾಥ’ ಎಂಬ ಅಂಕಿತ ಹೊತ್ತು ಉಳಿದುಬಂದಿದೆ. ಅಂಕಿತವನ್ನು ಭಕ್ತಿಯ ದೃಷ್ಟಿಯಿಂದ ವಿವರಿಸುವುದು ವಾಡಿಕೆ, ಅದು ಸರಿಯೂ ಹೌದು. ಆದರೂ ಇದು ಇಂಥವನ ಕೈಯ ಕೆಲಸ, ಇದಕ್ಕೆ ಅವನು ಹೊಣೆ ಎಂದು ಗುರುತು ಹಾಕುವ ಅಭ್ಯಾಸವು ಕಾಯಕದ ಜನರ ನಡುವೆ ಬೆಳೆದದ್ದು ಆಕಸ್ಮಿಕವಾಗಿರಲಾರದೆಂದು ನನಗೆ ತೋರುತ್ತದೆ. ಇದು ನನ್ನ ಊಹೆ. ವಿದ್ವಾಂಸರು ಒಪ್ಪಬೇಕೆಂದು ಹಟವಿಲ್ಲ.

ಮುಂದೆ ಬಹುಕಾಲ ಈ ಭಾಗದ ಸಣ್ಣ ವ್ಯಾಪಾರಿಗೆ ಬಾಯಿಯೇ ಬಂಡವಾಳವಾಯಿತು. ಸಂತೆಯ ಕೂಗು, ಹಲಗೆಯ ಮೇಲಿನ ಡಂಗುರ, ಜಾತ್ರೆಯ ಅಂಗಡಿಸಾಲು, ಇಷ್ಟೇ ಅವನ ಪ್ರಚಾರ. 1948ರ ಸೆಪ್ಟೆಂಬರಿನವರೆಗೆ ಇಲ್ಲಿ ನಿಜಾಮರ ಆಳ್ವಿಕೆ. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ. ಮುಂಬಯಿ ಕರ್ನಾಟಕದಲ್ಲಿಯೂ ಮೈಸೂರಿನಲ್ಲಿಯೂ ಅಚ್ಚಿನ ಮನೆಗಳು ಕನ್ನಡದಲ್ಲಿ ಅಂಗಡಿಯ ಪತ್ರಕಗಳನ್ನು ಹೊಡೆಯುತ್ತಿದ್ದ ಕಾಲದಲ್ಲಿ ಕನ್ನಡದ ಅಚ್ಚು ಇಲ್ಲಿ ಅಷ್ಟು ಬೆಳೆಯಲು ಅವಕಾಶವಾಗಲಿಲ್ಲ. ಸಂತೆಯ ಕೂಗಿಗೆ ಒಂದು ದೋಷವಿದೆ. ಹೊತ್ತು ಮುಳುಗುವುದರೊಡನೆ ಅದೂ ಮುಗಿಯುತ್ತದೆ. ಕೇಳಿದವನು ಅದನ್ನು ಮನೆಗೆ ಒಯ್ಯಲಾರ.

ಈ ದೋಷವನ್ನು ನೀಗಿದ್ದು ಅಚ್ಚು ಮತ್ತು ಅಂಚೆ. 1877ರಲ್ಲಿ ನಮ್ಮ ದೇಶದ ಅಂಚೆ ಇಲಾಖೆಯು ವಿ.ಪಿ.ಪಿ. ಪದ್ಧತಿಯನ್ನು ತಂದಿತು. ಕಟ್ಟು ಕೈಗೆ ಬಂದಾಗ ಅಂಚೆಯವನಿಗೆ ಹಣ ಕೊಟ್ಟರೆ ಸಾಕು. ಮುಂಗಡ ಕಳುಹಿಸಿ ಮೋಸಹೋಗುವ ಭಯವಿಲ್ಲ. ಒಬ್ಬರ ಮುಖವನ್ನೊಬ್ಬರು ಕಾಣದ ಇಬ್ಬರ ನಡುವೆ ಖಾಕಿ ಅಂಗಿಯ ಮನುಷ್ಯನೊಬ್ಬ ಜಾಮೀನು ನಿಂತಂತಾಯಿತು. ಹಳ್ಳಿಯ ಮೂಲೆಯಲ್ಲಿ ಕುಳಿತ ವ್ಯಾಪಾರಿಗೂ ದೂರದ ಗಿರಾಕಿ ಸಿಗುವಂತಾದುದು ಆಗ.

ಈ ಅವಕಾಶವನ್ನು ಕನ್ನಡದಲ್ಲಿ ಚೆನ್ನಾಗಿ ಬಳಸಿಕೊಂಡ ಸಣ್ಣ ಉದ್ಯಮಿ ಯಾರೆಂದು ನನ್ನನ್ನು ಕೇಳಿದರೆ, ನಾನು ಒಬ್ಬ ಕಾದಂಬರಿಕಾರನ ಹೆಸರು ಹೇಳುತ್ತೇನೆ: ಗಳಗನಾಥ. ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಹಾವೇರಿ ಸೀಮೆಯ ಗಳಗನಾಥ ಗ್ರಾಮದವರು, ಶಾಲಾ ಮಾಸ್ತರಿಕೆ ಮಾಡಿದವರು. 1907ರಲ್ಲಿ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಅದರ ಜೀವಾಳ ಗಳಗನಾಥರು. ಸಾಹಿತ್ಯ ಚರಿತ್ರೆಗಳು ಅವರನ್ನು ಕಾದಂಬರಿಯ ಪಿತಾಮಹರೆಂದು ಕರೆದು, ‘ಮಾಧವ ಕರುಣಾವಿಲಾಸ’ವನ್ನು ಹೆಸರಿಸಿ, ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದುದನ್ನು ಹೇಳಿ ಮುಂದೆ ಸಾಗುತ್ತವೆ. ಅವರು ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರೆಂಬುದನ್ನು ತ್ಯಾಗದ ನಿದರ್ಶನವೆಂದು ಒಂದು ವಾಕ್ಯದಲ್ಲಿ ಸ್ಮರಿಸುವುದೂ ಉಂಟು. ಅದನ್ನು ವ್ಯಾಪಾರವೆಂದು ಬಗೆದು ಪರಿಶೀಲಿಸಿದವರು ಕಡಿಮೆ.

ಪರಿಶೀಲಿಸಿದರೆ ತಿಳಿಯುವುದೇನು? ಮೊದಲನೆಯದಾಗಿ, ಕಾದಂಬರಿ ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿತ್ತು. ಈ ತಿಂಗಳು ಓದಿದವನಿಗೆ ಮುಂದಿನ ತಿಂಗಳಿನ ಸಂಚಿಕೆಯನ್ನು ಕೊಳ್ಳಿರೆಂದು ಬೇಡಬೇಕಾಗಿಲ್ಲ, ಕಥೆಯೇ ಅವನನ್ನು ಕರೆತರುತ್ತದೆ. ಚಂದಾದಾರನ ಹೆಸರು, ಊರು, ಅಂಚೆ ಪತ್ರಿಕೆಯ ವಹಿಯಲ್ಲಿ ನಿಂತಿರುತ್ತದೆ. ನಾಳೆ ಕಾದಂಬರಿ ಪುಸ್ತಕವಾಗಿ ಬಂದರೆ ಯಾರಿಗೆ ತಿಳಿಸಬೇಕೆಂಬುದು ಮೊದಲೇ ಗೊತ್ತು. ಇನ್ನು ಹೆಗಲ ಮೇಲಿನ ಗಂಟು. ಅದು ಬರಿಯ ಮಾರಾಟವಾಗಿರಲು ಸಾಧ್ಯವಿಲ್ಲ. ಹಳ್ಳಿಯ ಕಟ್ಟೆಯ ಮೇಲೆ ಗಂಟು ಬಿಚ್ಚಿದ ಲೇಖಕನಿಗೆ ಯಾವ ಪುಸ್ತಕಕ್ಕೆ ಕೈ ಮುಂದೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದು ಪ್ರತ್ಯಕ್ಷವಾಗಿ ಕಾಣುತ್ತದೆ. ಗಳಗನಾಥರ ಗದ್ಯ ಅಷ್ಟು ಸರಳವಾಗಿ ಜನರ ಕಿವಿಗೆ ಒಗ್ಗುವಂತೆ ಹರಿದುದಕ್ಕೆ ಈ ತಿರುಗಾಟವೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ಇಷ್ಟಾದರೂ ಅವರು ಶ್ರೀಮಂತರಾಗಲಿಲ್ಲ. ಕನ್ನಡಕ್ಕೆ ಓದುಗರನ್ನು ಗಳಿಸಿಕೊಟ್ಟರು, ತಾವು ಹಣ ಗಳಿಸಲಿಲ್ಲ. ಜನರಿಗೆ ಬೇಕಾದುದನ್ನು ಬರೆದರೆ ಲಾಭ ತಾನೇ ಬರುತ್ತದೆಂದು ಇಂದಿನ ಪ್ರಚಾರಪಂಡಿತರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಆ ಗಂಟು ನೆನಪಾಗುತ್ತದೆ. ಬರೆಯುವವನೂ ಅವನೇ, ಹೊರುವವನೂ ಅವನೇ ಆದರೆ ವ್ಯಾಪಾರವು ಅವನ ಕಾಲು ನಡೆಯುವಷ್ಟೇ ದೂರ ನಡೆಯುತ್ತದೆ.

ಈ ತೊಡಕನ್ನು ಮುಂದಿನ ತಲೆಮಾರಿನವರು ಭಾಗಶಃ ಬಿಡಿಸಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ವರ್ಷದ ಚಂದಾ ಕೊಟ್ಟವರಿಗೆ ಆ ವರ್ಷದ ಪುಸ್ತಕಗಳನ್ನು ಕಳುಹಿಸುವ ಏರ್ಪಾಡು ಮಾಡಿದರು. ಮಾರಾಟವಾದೀತೋ ಇಲ್ಲವೋ ಎಂದು ಅಚ್ಚು ಹಾಕಿಸಿ ಕಾಯುವ ಬದಲು ಮೊದಲು ಓದುಗರನ್ನು ಕೂಡಿಸಿಕೊಂಡು ಆಮೇಲೆ ಅಚ್ಚಿಗೆ ಕೊಡುವ ಕ್ರಮ ಇದು. ಗ್ರಂಥಮಾಲೆ ಇಂದಿಗೂ ನಡೆದಿದೆ. ಆಗ ಅಷ್ಟಾಗಿ ಪರಿಚಿತರಲ್ಲದ ಯುವಕ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಇಲ್ಲಿಂದಲೇ ಹೊರಬಂತು. ಹೊಸಬನ ನಾಟಕವನ್ನು ಪ್ರಕಟಿಸುವ ಧೈರ್ಯಕ್ಕೆ ಪ್ರಕಾಶಕನ ರುಚಿ ಮುಖ್ಯ ಕಾರಣ. ಚಂದಾದಾರರ ಪಟ್ಟಿಯ ಬೆಂಬಲವನ್ನೂ ಮರೆಯಬಾರದು.

ಪುಸ್ತಕದ ಮಾತು ಸಾಕು, ಕಿರಾಣಿ ಸರಕಿಗೂ ಇದು ಸಲ್ಲುತ್ತದೆಯೇ ಎಂದು ವಾಚಕರು ಕೇಳಬಹುದು. ಸಲ್ಲುತ್ತದೆ. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅವರ ಹಲ್ಲುಪುಡಿಗೆ ಮೂಲದ್ರವ್ಯ ಸುಟ್ಟ ಭತ್ತದ ಹೊಟ್ಟು, ಎಂದರೆ ಯಾವ ರೈತನ ಕಣದಲ್ಲಿಯೂ ಬಿದ್ದಿರುವ ಪದಾರ್ಥ. ಅದನ್ನು ಜನ ಕಂಪನಿಯ ಹೆಸರಿನಿಂದ ಕೇಳಲಿಲ್ಲ, ‘ನಂಜನಗೂಡು ಹಲ್ಲುಪುಡಿ’ ಎಂದು ಊರಿನ ಹೆಸರಿನಿಂದ ಕೇಳಿದರು. ಬೆಂಗಳೂರಿನಲ್ಲಿ ಯಜ್ಞನಾರಾಯಣ ಮಯ್ಯರು ಇನ್ನೊಂದು ದಾರಿ ಹಿಡಿದರು. ಅವರೂ ಅವರ ಸೋದರರೂ 1924ರಲ್ಲಿ ತೆರೆದ ಸಣ್ಣ ಕಾಫಿ ಹೋಟೆಲೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದು. 1951ರಲ್ಲಿ ಯೂರೋಪನ್ನು ಸುತ್ತಿ ಅಲ್ಲಿಯ ಹೋಟೆಲುಗಳ ಶುಚಿತ್ವ ಕಂಡು ಬಂದ ಮಯ್ಯರ ಹೋಟೆಲಿನಲ್ಲಿ, ಊಟಕ್ಕೆ ಬಂದವರು ಅಡಿಗೆಮನೆಯನ್ನು ನೋಡಿಕೊಂಡೇ ಒಳಗೆ ಹೋಗುವ ಪದ್ಧತಿಯಾಯಿತು. ಹೋಟೆಲೆಂದರೆ ಮಡಿವಂತರು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ‘ನಮ್ಮಲ್ಲಿ ಶುಚಿ, ರುಚಿ’ ಎಂಬ ಹಲಗೆಗಿಂತ ತೆರೆದ ಬಾಗಿಲು ಎಷ್ಟೋ ಹೆಚ್ಚು ಹೇಳಿತು. 1916ರ ಮೈಸೂರು ಸ್ಯಾಂಡಲ್ ಸಾಬೂನಿನ ಸಂಗತಿ ಬೇರೆ. ಅದರ ಹಿಂದೆ ಸಂಸ್ಥಾನದ ಬೊಕ್ಕಸವೇ ಇತ್ತು. ಟ್ರಾಮಿನ ಟಿಕೇಟು, ಬೆಂಕಿಪೊಟ್ಟಣಗಳ ಮೇಲೆಲ್ಲ ಅದು ಮೆರೆಯಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ತೆಗೆದರಂತೆ. ಸಣ್ಣ ವ್ಯಾಪಾರಿ ಒಂಟೆಯನ್ನು ಎಲ್ಲಿಂದ ತಂದಾನು?

ಈಗ ಭೀಮರಾಯನಗುಡಿಗೆ ಬರೋಣ. 1964ರಲ್ಲಿ ಶಂಕುಸ್ಥಾಪನೆಯಾದ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ, ವಸತಿಗೃಹಗಳಿಂದ ಬೆಳೆದ ಊರು ಇದು. ಕಾಲುವೆಯ ನೀರು ಶಹಾಪುರ, ಸುರಪುರಗಳ ಹೊಲಗಳಿಗೆ ಹರಿದಂತೆ ಜೋಳ ಮತ್ತು ತೊಗರಿಯ ಜೊತೆಗೆ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಬೀಜ, ಗೊಬ್ಬರ, ಔಷಧಿಯ ಅಂಗಡಿಗಳು ಬಂದವು. ಇಲ್ಲೊಂದು ಕೃಷಿ ಮಹಾವಿದ್ಯಾಲಯವೂ ಇದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯದು ಇಲ್ಲಿಯ ಬೀಜದ ಅಂಗಡಿ. ಮಗ ಎರಡು ವರ್ಷಗಳಿಂದ ಅದಕ್ಕೊಂದು ಜಾಲಪುಟ ನಡೆಸುತ್ತಿದ್ದಾನೆ. ಒಮ್ಮೆ ನನಗೆ ತೋರಿಸಿ, “ದಿನಾ ಹಾಕ್ತೀನ್ರಿ ಸರ, ಒಬ್ಬರೂ ಒಂದು ಮಾತು ಕೇಳಂಗಿಲ್ರಿ” ಎಂದ. ನೋಡಿದೆ. ಉಗಾದಿಯ ಶುಭಾಶಯ, ದೀಪಾವಳಿಯ ಶುಭಾಶಯ, ನಡುವೆ ‘ಉತ್ತಮ ದರ್ಜೆಯ ಬೀಜಗಳಿಗಾಗಿ ಭೇಟಿ ಕೊಡಿರಿ’. ಎಲ್ಲವೂ ಬಣ್ಣದ ಚಿತ್ರಗಳೊಳಗೆ ಹುದುಗಿದ ಅಕ್ಷರ. ಅಯ್ಯಾವೊಳೆಯವರ ಪ್ರಶಸ್ತಿಗೂ ಇದಕ್ಕೂ ಗದ್ಯದ ಸೊಗಸಿನಲ್ಲಿ ಅಂತರವಿದ್ದರೂ ಜಾತಿ ಒಂದೇ.

“ಅಂಗಡಿಗೆ ಬಂದ ರೈತರು ಏನು ಕೇಳ್ತಾರಪ್ಪ?” ಎಂದೆ. ಅವನು ಬೆರಳು ಮಡಿಚಿ ಎಣಿಸಿದ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ವಾರಾಬಂದಿ ಹೇಗೆ? ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಮೋಹಕ ಬಲೆ ಎಂದು ಕಟ್ಟಬೇಕು? ತೊಗರಿಗೆ ಸೊರಗು ರೋಗ ತಾಕಿದರೆ ಮುಂದಿನ ವರ್ಷ ಅದೇ ಹೊಲದಲ್ಲಿ ತೊಗರಿ ಹಾಕಬಹುದೆ? ಇಂಥ ಒಂದೊಂದು ಪ್ರಶ್ನೆಗೂ ಕಾಲೇಜಿನವರನ್ನು ವಿಚಾರಿಸಿ, ಚಿತ್ರದೊಳಗಲ್ಲದೆ ಬಿಡಿ ಅಕ್ಷರದಲ್ಲಿ, ರೈತ ಆಡುವ ಮಾತಿನಲ್ಲಿಯೇ ಉತ್ತರ ಬರೆ ಎಂದು ಹೇಳಿದೆ. ಮೊಬೈಲಿನಲ್ಲಿ ಹುಡುಕುವವನು ತನ್ನ ಪ್ರಶ್ನೆಯನ್ನು ಒತ್ತುತ್ತಾನೆ. ಅಂಗಡಿಯ ಹೊಗಳಿಕೆಯನ್ನು ಯಾರೂ ಹುಡುಕುವುದಿಲ್ಲ. ಕನ್ನಡದ ಬಿಡಿ ಅಕ್ಷರ ಹುಡುಕುವ ಯಂತ್ರಕ್ಕೆ ಸಿಗುವಷ್ಟು ಸುಲಭವಾಗಿ ಚಿತ್ರದ ಅಕ್ಷರ ಸಿಗುವುದೂ ಇಲ್ಲ. ನೆರೆಯ ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ನಂಜನಗೂಡಿಗೆ ಜನರ ಬಾಯಿಯಿಂದ ಬಂದದ್ದು ಈ ಸೀಮೆಯ ಬೇಳೆಗೆ ಕಾಯಿದೆಯಿಂದ ಬಂದಂತಾಯಿತು. ಆದರೆ ಆ ಬೇಳೆ ಎಷ್ಟು ಹೊತ್ತಿಗೆ ಬೇಯುತ್ತದೆ, ಅದರ ರುಚಿ ಏಕೆ ಬೇರೆ ಎಂದು ಬೆಂಗಳೂರಿನ ಗೃಹಿಣಿಗೆ ಬರೆದು ತಿಳಿಸುವವರು ಇಲ್ಲಿಯ ಅಂಗಡಿಗಳವರೇ ಆಗಬೇಕಷ್ಟೆ.

ಇನ್ನೊಂದು ಮಾತನ್ನು ಅವನಿಗೆ ಒತ್ತಿ ಹೇಳಬೇಕಾಯಿತು. ಅವನ ಪುಟವಿರುವುದು ಪರರ ಜಾಗದಲ್ಲಿ. ಒಂದು ಕಾಲಕ್ಕೆ ಕನ್ನಡಿಗರ ಎಷ್ಟೋ ಬಳಗಗಳು ಕೂಡುತ್ತಿದ್ದ ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು. 2020ರ ಜೂನಿನಲ್ಲಿ ಭಾರತ ಸರಕಾರವು ಟಿಕ್‌ಟಾಕನ್ನು ನಿಷೇಧಿಸಿದಾಗ, ಅದನ್ನೇ ನಂಬಿ ಸರಕು ತೋರಿಸುತ್ತಿದ್ದವರು ಗಿರಾಕಿಗಳ ಬಳಗವನ್ನೇ ಕಳೆದುಕೊಂಡರು. ನಿಷೇಧದ ಸರಿತಪ್ಪು ಬೇರೆ ಮಾತು. ಸಂತೆಯ ಮೈದಾನವೇ ಬೆಳಗಾಗುವುದರೊಳಗೆ ಇಲ್ಲವಾದರೆ ಅಲ್ಲಿ ಕೂಗಿದವನ ಗತಿಯೇನು? ಗಳಗನಾಥರ ಪತ್ರಿಕೆಗೆ ಚಂದಾದಾರರ ವಹಿ ಇತ್ತು, ಜೋಶಿಯವರ ಅಟ್ಟದ ಮೇಲೂ ಇತ್ತು. ಅಂಚೆಯ ಪದ್ಧತಿ ಬದಲಾದರೂ ಹೆಸರು, ಊರು ಅವರ ಬಳಿಯಲ್ಲಿಯೇ ಉಳಿಯುತ್ತಿದ್ದವು.

ಅವನ ತಂದೆ ಅಷ್ಟು ಹೊತ್ತೂ ಗಲ್ಲೆಯ ಹಿಂದೆ ಕುಳಿತು ನಮ್ಮ ಮಾತು ಕೇಳುತ್ತಿದ್ದವರು, “ಆ ವಹಿ ನಮ್ಮಲ್ಲೂ ಅದರೀ ಸರ” ಎಂದು ಎದ್ದು, ಕಪಾಟಿನಿಂದ ಕೆಂಪು ರಟ್ಟಿನ ಉದ್ರಿ ಖಾತೆಗಳನ್ನು ತೆಗೆದರು. ಇಪ್ಪತ್ತು ವರ್ಷದವು. ಗೋಗಿ, ಸಗರ, ದೋರನಹಳ್ಳಿ, ಹತ್ತಿಗುಡೂರು ಎಂದು ಊರು ಊರಿನ ಪ್ರಕಾರ ರೈತರ ಹೆಸರು, ಯಾರ ಹೊಲ ಕಾಲುವೆಯ ಕೊನೆಗಿದೆ, ಯಾರು ಯಾವ ವರ್ಷ ಯಾವ ಬೀಜ ಒಯ್ದರು, ಅದು ಹೇಗೆ ಬಂತು ಎಂಬ ಟಿಪ್ಪಣಿ. ಕೆಲವು ಹೆಸರುಗಳ ಮುಂದೆ ಬಾಕಿಯನ್ನು ಹೊಡೆದುಹಾಕಿ ‘ಮಳಿ ಇಲ್ಲ, ಬಿಟ್ಟದ್ದು’ ಎಂದು ಬರೆದಿತ್ತು. ಮಗ ಅದನ್ನು ಕೈಗೆ ತೆಗೆದುಕೊಂಡು, ಮೊದಲ ಪುಟದಿಂದಲೇ ಓದತೊಡಗಿದ.