ಟ್ರಾಲಿ ಪಿನ್ ಮುರಿದರೆ ಕಬ್ಬಿಣದ ಸರಳು ಸಾಕೇ?

ಸಿಂಧನೂರು, ಮಸ್ಕಿ, ಲಿಂಗಸುಗೂರು ರಸ್ತೆಗಳಲ್ಲಿ ಸುಗ್ಗಿ ಬಂತೆಂದರೆ ಭತ್ತ ತುಂಬಿದ ಟ್ರಾಲಿಗಳ ಸಾಲು. ಟ್ರ್ಯಾಕ್ಟರ್‌ಗೆ ಟ್ರಾಲಿಯನ್ನು ಜೋಡಿಸುವುದು ಒಂದೇ ಒಂದು ಪಿನ್. ಅದು ಮುರಿದಾಗ ಕೈಗೆ ಸಿಕ್ಕ ಸರಳು ತೂರಿಸಿದರೆ ಸಾಕು ಎನ್ನುವವರಿದ್ದಾರೆ. ಇದು ನಿಜವೇ?

ನಿಜವಲ್ಲ. ಒಂದೇ ಬಗೆಯ ಉಕ್ಕಾದರೂ ದಪ್ಪ ಅರ್ಧವಾದರೆ ಪಿನ್ನಿನ ಬಲ ಕಾಲು ಭಾಗಕ್ಕಿಳಿಯುತ್ತದೆ. ತೆಳು ಸರಳು ರಂಧ್ರದಲ್ಲಿ ಅಲುಗಾಡಿ, ಪ್ರತಿ ಜಗ್ಗಿಗೂ ಸುತ್ತಿಗೆಯಂತೆ ಬಡಿಯುತ್ತದೆ. ರಂಧ್ರವೂ ಸವೆದು ಅಗಲವಾಗುತ್ತದೆ. ಅದಕ್ಕೇ ಈ ರಿಪೇರಿ ಮತ್ತೆ ಮತ್ತೆ ಕೈಕೊಡುತ್ತದೆ.

ವೆಲ್ಡಿಂಗ್ ಮಾಡಿಸಿದರೆ? ಹದ ಮಾಡಿದ ಉಕ್ಕು ಆ ಬಿಸಿಗೆ ಹದ ಕಳೆದುಕೊಂಡು, ಬೆಸುಗೆಯ ಪಕ್ಕದಲ್ಲೇ ಮುರಿಯಬಹುದು.

ಕಳಚಿಕೊಂಡ ಟ್ರಾಲಿಯನ್ನು ಚಾಲಕ ನಿಲ್ಲಿಸಲಾರ. ಹಿಂದೆ ಬರುವ ಬೈಕ್ ಸವಾರನ ಜೀವಕ್ಕೇ ಅಪಾಯ. ಆದ್ದರಿಂದ ನಾವು ಹೇಳುವುದಿಷ್ಟೇ: ಸರಿ ಅಳತೆಯ ಹೊಸ ಪಿನ್, ಅದು ಜಾರದಂತೆ ಲಾಕ್, ಜೊತೆಗೊಂದು ಗಟ್ಟಿ ಸರಪಳಿ ಹಾಕಿ.