ಸರಳ ಅನ್ನುವ ಸರ್ಟಿಫಿಕೇಟು

ದಲಿತ ಲೇಖಕರ ಕಥನವನ್ನು ಹೊಗಳುವಾಗ ನಮ್ಮ ವಿಮರ್ಶೆಗೆ ಥಟ್ಟನೆ ಸಿಗುವ ಮಾತು ಎರಡೇ: ಸರಳ, ನೇರ. ಈ ಹೊಗಳಿಕೆಯೊಳಗೆ ಹಳೆಯ ಮೇಲು-ಕೀಳು ಅಡಗಿದೆ. ಅದನ್ನು ಬಿಡಿಸಿ ನೋಡಲಿಕ್ಕೆ ಭಟ್ಕಳ, ಹೊನ್ನಾವರ, ಕುಮಟೆಯ ಕರಾವಳಿ ಒಳ್ಳೇ ಜಾಗ ಅಂತ ಇಲ್ಲೇ ಪಾಠ ಮಾಡುವ ನನಗನ್ನಿಸುತ್ತದೆ.

ನಮ್ಮ ಕಡೆ ಮಾತು ಬಲ್ಲವನು ಅಂದರೆ ಅರ್ಥಧಾರಿ. ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರದ ಸೀಮೆಯಲ್ಲಿ ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ. ಯಕ್ಷಗಾನ, ತಾಳಮದ್ದಲೆಗಳಲ್ಲಿ ಒಂದು ಪ್ರಶ್ನೆಗೆ ಅರ್ಧ ಗಂಟೆ ಉತ್ತರ ಕೊಡಬಲ್ಲವನಿಗೆ ಚಪ್ಪಾಳೆ. ಈ ವಾಕ್ಪಟುತ್ವ ದೊಡ್ಡದೇ. ಆದರೆ ಅದಕ್ಕೆ ಬೇಕಾದ ಪುರಾಣದ ಓದು, ಬಿಡುವು, ಎದುರು ಕೂತು ವಾದಿಸುವ ಹಕ್ಕು ಎಲ್ಲ ಜಾತಿಗೂ ಸಮನಾಗಿ ದಕ್ಕಿದ್ದಲ್ಲ.

ಹಾಗಾದರೆ ಅಲಂಕಾರ ಮೇಲ್ಜಾತಿಯದು, ಸರಳತೆ ದಲಿತರದು ಅಂತ ಗೆರೆ ಎಳೆದು ಸುಮ್ಮನಿರಬಹುದೆ? ಚರಿತ್ರೆ ಅಷ್ಟು ಸಲೀಸಿಲ್ಲ. 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಇಲ್ಲಿಯ ಆಗೇರರು, ಮುಕ್ರಿಗಳು ಬರುತ್ತಾರೆ. ಕಸುಬು, ಮನೆ, ಊಟ, ಉಡುಗೆ, ಮದುವೆ, ಸಾವು; ಎಲ್ಲವೂ ಗಿಡ್ಡ ವಾಕ್ಯಗಳಲ್ಲಿ. ಉಪ್ಪು ತೆಗೆಯುವವರ ಬಗ್ಗೆ ಅಲ್ಲಿ ಬರೆದಿದೆ, ಉಪ್ಪು ತೆಗೆಯುವವರು ಬಾಯಿ ಬಿಡುವುದಿಲ್ಲ. ಪೊಲೀಸರ ಪಂಚನಾಮೆಯ ಗದ್ಯವೂ ಇದೇ ಕುಲದ್ದು. ಸರಳತೆ ಸರಕಾರದ್ದೂ ಹೌದು.

ದೇವನೂರ ಮಹಾದೇವರ ‘ಒಡಲಾಳ’ ಈ ನೋಟವನ್ನು ತಿರುಗಿಸಿತು. ಸಾಕವ್ವನ ಹುಂಜ ಕಳೆದಿದೆ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ರಾತ್ರಿ ಕೂತು ತಿನ್ನುತ್ತಾರೆ. ಪೊಲೀಸರು ಬರುತ್ತಾರೆ. ಪಂಚನಾಮೆಗೆ ಇದು ಕಳವು, ಅಷ್ಟೆ. ಕತೆಗಾದರೋ ಆ ರಾತ್ರಿಯ ಸಂಭ್ರಮವೇ ಮುಖ್ಯ. ಹಸಿವನ್ನು ವರ್ಣಿಸಿ ಕಣ್ಣೀರು ಕೇಳುವುದಿಲ್ಲ, ತಿನ್ನುವುದನ್ನು ತೋರಿಸಿ ಸುಮ್ಮನಾಗುತ್ತದೆ. ಕಾರಂತರ ‘ಚೋಮನ ದುಡಿ’ (1933) ಚೋಮನಿಗಾಗಿ ನಿಜವಾಗಿ ಮರುಗಿತು, ಆದರೆ ಮರುಗುವವನಿಗೂ ಚೋಮನಿಗೂ ನಡುವೆ ಒಂದು ಅಂಗಳ ಉಳಿದೇ ಇತ್ತು. ‘ಒಡಲಾಳ’ದಲ್ಲಿ ಆ ಅಂಗಳ ಇಲ್ಲ. 1994ರಲ್ಲಿ ಬಂದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದ ಬಿಡಿಬಿಡಿ ನೆನಪುಗಳ ಗದ್ಯಕ್ಕೂ ಇದೇ ಬಿಗಿ. ಮಿತವಾದ ಗದ್ಯದ ಸೆಳೆತ ಇರುವುದು ಇಲ್ಲಿ: ಅದು ಕನಿಕರವನ್ನು ಬೇಡುವುದಿಲ್ಲ.

ಮಿತ ಅಂದರೆ ಸುಲಭ ಅಂತಲೂ ಅಲ್ಲ. ಭಟ್ಕಳದಲ್ಲಿ ನವಾಯತಿ, ಕುಮಟೆಯಲ್ಲಿ ಕೊಂಕಣಿ, ನಡುನಡುವೆ ಹವ್ಯಕರ ಕನ್ನಡ, ಹಾಲಕ್ಕಿ ಕನ್ನಡ. ಪಠ್ಯಪುಸ್ತಕದ ‘ಸರಳ ಕನ್ನಡ’ ಇಲ್ಲಿ ಯಾರ ಮನೆಮಾತೂ ಅಲ್ಲ. ಮೈಸೂರು ಸೀಮೆಯ ‘ಒಡಲಾಳ’ದ ಮಾತಿಗೆ ನಮ್ಮ ತರಗತಿಯಲ್ಲಿ ಅರ್ಥ ಹೇಳಿಯೇ ಮುಂದೆ ಹೋಗಬೇಕು. ಇನ್ನು ಅದೇ ಲೇಖಕರ ‘ಕುಸುಮಬಾಲೆ’ (1984) ಮಿತವೂ ಅಲ್ಲ: ಅಲ್ಲಿ ದೀಪದ ಜೋತಮ್ಮಗಳು ಮಾತಾಡುತ್ತವೆ, ಗದ್ಯ ಹಾಡಾಗುತ್ತದೆ. 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಈ ಕೃತಿಗೇ. ‘ಸರಳ, ನೇರ’ ಅನ್ನುವ ಅಳತೆಗೋಲು ಇಲ್ಲಿ ಮುರಿಯುತ್ತದೆ.

ಹಾಗಾಗಿ ವಿಮರ್ಶೆ ಕೇಳಬೇಕಾದ್ದು ವಾಕ್ಯ ಗಿಡ್ಡವೋ ಉದ್ದವೋ ಅಂತಲ್ಲ. ಅದು ಏನನ್ನು ಹೇಳದೆ ಬಿಟ್ಟಿದೆ, ಯಾರಿಗೆ ಅದು ಮೊದಲೇ ಗೊತ್ತು ಅಂತ ಬಿಟ್ಟಿದೆ? ಗೆಜೆಟಿಯರು ಬಿಟ್ಟದ್ದು ಆಗೇರರ ಬಾಯನ್ನು. ‘ಒಡಲಾಳ’ ಬಿಟ್ಟದ್ದು ಓದುಗನಿಗೆ ಕೊಡಬೇಕಾದ ಸಮಜಾಯಿಷಿಯನ್ನು. ನಾಳೆ ಸಾಣಿಕಟ್ಟಾದ ಉಪ್ಪಿನ ಆಗರದ ಕಡೆಯಿಂದ ಒಬ್ಬ ಹುಡುಗಿ ಕತೆ ಬರೆದು ತಂದರೆ, ‘ಸರಳವಾಗಿದೆ’ ಅಂತ ಬೆನ್ನು ತಟ್ಟಿ ಕಳಿಸುವ ಹಕ್ಕು ನಮಗಿಲ್ಲ. ಅರ್ಥಧಾರಿಯ ಅರ್ಧ ಗಂಟೆಯ ಮಾತೂ ಅವಳದೇ, ಬೇಕೆನಿಸಿದರೆ.