ಪಠ್ಯ ಫೈಲನ್ನು ಇದ್ದಲ್ಲೇ ತಿದ್ದುವುದು (ಪೈಥಾನ್)

ಡಿಸ್ಕಿನಲ್ಲಿರುವ ಪಠ್ಯ ಫೈಲಿನ ಹೆಸರು, ಜಾಗ ಬದಲಾಗದಂತೆ ಒಳಗಿನ ಬರಹವನ್ನು ಪ್ರೋಗ್ರಾಮಿನಿಂದ ತಿದ್ದಿ, ತಿದ್ದಿದ್ದನ್ನು ಮತ್ತೆ ಓದಿಕೊಳ್ಳುವ ವಿಧಾನ. ಫೈಲೆಂದರೆ ಬೈಟುಗಳ ಸಾಲು. ನಡುವೆ ಒಂದಕ್ಷರ ಸೇರಿಸಿದರೆ ಮುಂದಿನವು ತಾವಾಗಿ ಸರಿದು ಜಾಗ ಬಿಡುವುದಿಲ್ಲ. ಆದ್ದರಿಂದ ‘ಇದ್ದಲ್ಲೇ’ ಎನ್ನಿಸಿಕೊಂಡ ವಿಧಾನಗಳಲ್ಲಿ ಹೆಚ್ಚಿನವು ಒಳಗೊಳಗೆ ಇಡೀ ಫೈಲನ್ನು ಹೊಸದಾಗಿ ಬರೆಯುತ್ತವೆ.

ಹಿನ್ನೆಲೆ

ಕೆನ್ ಥಾಂಪ್ಸನ್ 1969ರಲ್ಲಿ ಬರೆದ ಯುನಿಕ್ಸ್‌ನ ಪಠ್ಯ ಸಂಪಾದಕ ‘ಎಡ್’, ಫೈಲಿನ ಪ್ರತಿಯನ್ನು ಸ್ಮೃತಿಗೆ ತಂದು ತಿದ್ದಿ ಮರಳಿ ಬರೆಯುತ್ತಿತ್ತು. 1970ರ ದಶಕದಲ್ಲಿ ಲೀ ಮೆಕ್‌ಮಹನ್ ರಚಿಸಿದ ‘ಸೆಡ್’ ಮೂಲವನ್ನು ಮುಟ್ಟದೆ ತಿದ್ದಿದ ಪಠ್ಯವನ್ನು ಹೊರಗೆ ಕೊಡುತ್ತಿತ್ತು. 1987ರಲ್ಲಿ ಬಂದ ಲ್ಯಾರಿ ವಾಲ್ ಅವರ ಪರ್ಲ್ ಭಾಷೆಯ ‘ಐ’ ಆಯ್ಕೆಯಿಂದ ಒಂದೇ ಆದೇಶದಲ್ಲಿ ಫೈಲು ತಿದ್ದುವುದು ರೂಢಿಯಾಯಿತು.

ಪೈಥಾನ್‌ನಲ್ಲಿ

ಗೀಡೊ ವಾನ್ ರಾಸಮ್ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್‌ನಲ್ಲಿ ಇದಕ್ಕೆ ‘ಫೈಲ್‌ಇನ್‌ಪುಟ್’ ಎಂಬ ಮಾಡ್ಯೂಲ್ ಇದೆ. ಅದು ಮೂಲ ಫೈಲನ್ನು ಬ್ಯಾಕಪ್ ಹೆಸರಿಗೆ ಸರಿಸಿ, ‘ಪ್ರಿಂಟ್’ ಮಾಡಿದ್ದನ್ನೆಲ್ಲ ಹಳೆಯ ಹೆಸರಿನ ಹೊಸ ಫೈಲಿಗೆ ಹರಿಸುತ್ತದೆ. ಬ್ಯಾಕಪ್ ಉಳಿಯಬೇಕಾದರೆ ಅದನ್ನು ಕೇಳಿಯೇ ಪಡೆಯಬೇಕು. ಇಲ್ಲವಾದರೆ ಕೆಲಸ ಮುಗಿದೊಡನೆ ಅಳಿದುಹೋಗುತ್ತದೆ.

ಇನ್ನೊಂದು ಮಾರ್ಗ, ಫೈಲನ್ನು ಓದಲೂ ಬರೆಯಲೂ ಆಗುವ ‘ಆರ್ ಪ್ಲಸ್’ ವಿಧದಲ್ಲಿ ತೆರೆಯುವುದು. ಬರೆದು ಮುಗಿಸಿದಾಗ ಸ್ಥಾನಸೂಚಿ ಬರೆದ ಪಠ್ಯದ ಕೊನೆಯಲ್ಲಿರುತ್ತದೆ. ಇಡೀ ಫೈಲನ್ನು ಬರೆದ ತಕ್ಷಣ ಓದಹೊರಟರೆ ಖಾಲಿ ಪಠ್ಯ ಸಿಗುತ್ತದೆ. ‘ಸೀಕ್’ ಮೂಲಕ ಸೊನ್ನೆಗೆ ಮರಳಿಯೇ ಓದಬೇಕು. ‘ಡಬ್ಲ್ಯು ಪ್ಲಸ್’ ಆದರೋ ತೆರೆಯುವಾಗಲೇ ಫೈಲನ್ನು ಬರಿದು ಮಾಡುತ್ತದೆ. ಬರೆದದ್ದು ಬಫರಿನಲ್ಲೇ ಉಳಿದಿದ್ದರೆ, ‘ಫ್ಲಶ್’ ಮಾಡುವವರೆಗೆ ಅಥವಾ ಫೈಲು ಮುಚ್ಚುವವರೆಗೆ ಬೇರೆ ಪ್ರೋಗ್ರಾಮಿಗೆ ಅದು ಕಾಣದು.

ಕನ್ನಡ ಪಠ್ಯ

1992ರಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಸಂಕೇತಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು. ಮಂಡ್ಯ ಜಿಲ್ಲೆಯ ಊರುಗಳ ಪಟ್ಟಿಯೊಂದರಲ್ಲಿ ‘ಮದ್ದೂರು’ ಇದ್ದ ಜಾಗಕ್ಕೆ ‘ಮಳವಳ್ಳಿ’ ಸರಿಯಾಗಿ ಕೂರುತ್ತದೆ; ಎರಡೂ 21 ಬೈಟು. ‘ಕೊತ್ತತ್ತಿ’ 27 ಬೈಟು, ‘ಮಂಡ್ಯ’ 15. ಮೊದಲನೆಯದರ ಮೇಲೆ ಎರಡನೆಯದನ್ನು ಬರೆದರೆ 12 ಬೈಟು ಉಳಿದು, ಮರುಓದಿನಲ್ಲಿ ‘ಮಂಡ್ಯತ್ತಿ’ ಎಂದು ಬರುತ್ತದೆ. ಪಟ್ಟಿಯನ್ನು ಮೊದಲಿಂದ ಮತ್ತೆ ಬರೆದರೂ ಬಾಲದಲ್ಲಿ ಉಳಿದ ಹಳೆಯ ಬೈಟುಗಳನ್ನು ‘ಟ್ರಂಕೇಟ್’ ಮಾಡಿ ಕತ್ತರಿಸಬೇಕು. ‘ಕೊ’ದಲ್ಲಿನ ಒಕಾರ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಮೊದಲು ಏಕರೂಪಕ್ಕೆ ತಂದುಕೊಳ್ಳದಿದ್ದರೆ ತಿದ್ದುಪಡಿ ತಪ್ಪಿಹೋಗುತ್ತದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತದ ಪಠ್ಯವನ್ನು ಯೂನಿಕೋಡಿಗೆ ತರುವಾಗಲೂ ಉದ್ದ ಬದಲಾಗುವುದರಿಂದ ಇಡೀ ಫೈಲನ್ನು ಹೊಸದಾಗಿ ಬರೆಯುವುದು ಅನಿವಾರ್ಯ. ಅರವಿಂದ ವಿ.ಕೆ. ರೂಪಿಸಿದ ಮುಕ್ತ ಪರಿವರ್ತಕ ಪೈಥಾನ್‌ನಲ್ಲೇ ಇದೆ.

2008ರ ಪೈಥಾನ್ 3 ಪಠ್ಯವನ್ನು ಯೂನಿಕೋಡ್ ಆಗಿಸಿತು. ಆದರೂ ‘ಫೈಲ್‌ಇನ್‌ಪುಟ್’ ಇದ್ದಲ್ಲೇ ತಿದ್ದುವಾಗ ಯಂತ್ರದ ಸ್ಥಳೀಯ ಸಂಕೇತಪದ್ಧತಿಯನ್ನೇ ನೆಚ್ಚಿದ್ದರಿಂದ ವಿಂಡೋಸ್‌ನಲ್ಲಿ ಕನ್ನಡ ಕೆಡುವ ಅಪಾಯವಿತ್ತು. ಸಂಕೇತಪದ್ಧತಿಯನ್ನು ಹೆಸರಿಸಿ ಹೇಳುವ ಅನುಕೂಲ 2021ರ 3.10ನೇ ಆವೃತ್ತಿಯಲ್ಲಿ ಬಂತು.

ಸುರಕ್ಷಿತ ಬದಲಿ

ಬರೆಯುತ್ತಿರುವಾಗ ವಿದ್ಯುತ್ ಹೋದರೆ ಫೈಲು ಅರ್ಧಕ್ಕೇ ನಿಲ್ಲುತ್ತದೆ. ಅದೇ ಫೋಲ್ಡರಿನ ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆದು, ಡಿಸ್ಕಿಗೆ ಇಳಿದದ್ದು ಖಚಿತವಾದ ಮೇಲೆ ಹಳೆಯದರ ಜಾಗಕ್ಕೆ ತರುವುದು ಇದಕ್ಕೆ ಪರಿಹಾರ. 2012ರ 3.3ನೇ ಆವೃತ್ತಿಯಲ್ಲಿ ಸೇರಿದ ‘ಓಎಸ್ ರಿಪ್ಲೇಸ್’ ಈ ಬದಲಿಯನ್ನು ಒಂದೇ ಹೆಜ್ಜೆಯಲ್ಲಿ ಮಾಡುತ್ತದೆ. ಮುಖ್ಯ ಪಠ್ಯಗಳಿಗೆ ಇಂದಿಗೂ ಇದೇ ನಂಬಲರ್ಹ ಕ್ರಮ.